ಮಂಚದ ಬಳಿಯ ಕಾವಲು

‘ಆಘಾತ’ ಎಂಬ ಮಾತನ್ನು ನಾವು ದಿನನಿತ್ಯದ ವ್ಯವಹಾರದಲ್ಲಿ ಬಹು ಸಡಿಲವಾಗಿ ಬಳಸುತ್ತೇವೆ. ಆಪ್ತರ ಮರಣವಾರ್ತೆಯನ್ನು ಕೇಳಿದವನಿಗೆ ಆಘಾತವಾಯಿತೆನ್ನುತ್ತೇವೆ; ಮಗ ಪರೀಕ್ಷೆಯಲ್ಲಿ ನಪಾಸಾದನೆಂದು ತಿಳಿದ ತಂದೆಗೂ ಆಘಾತವಾಯಿತೆನ್ನುತ್ತೇವೆ; ವಿದ್ಯುತ್ತಿನ ತಂತಿಯನ್ನು ಮುಟ್ಟಿದವನಿಗೆ ‘ಷಾಕ್ ಹೊಡೆಯಿತು’ ಎನ್ನುತ್ತೇವೆ. ವೈದ್ಯಶಾಸ್ತ್ರದಲ್ಲಿ ಈ ಮಾತಿಗೆ ಬೇರೊಂದು ಖಚಿತವಾದ ಅರ್ಥವಿದೆ. ಅದು ಮನಸ್ಸಿಗೆ ತಗಲಿದ ಪೆಟ್ಟಲ್ಲ. ದೇಹದ ಕಣಕಣಕ್ಕೂ ಪ್ರಾಣವಾಯುವನ್ನು ಹೊತ್ತೊಯ್ಯುವ ರಕ್ತಸಂಚಾರವೇ ಕುಂದಿ, ಜೀವಕೋಶಗಳು ಉಸಿರಿಲ್ಲದೆ ಸೊರಗತೊಡಗುವ ಸ್ಥಿತಿಯನ್ನು ವೈದ್ಯರು ಆಘಾತವೆಂದು ಕರೆಯುತ್ತಾರೆ. ಕಾರಣ ಯಾವುದೇ ಇರಲಿ, ಸಕಾಲದಲ್ಲಿ ಗುರುತಿಸಿ ತಡೆಯದಿದ್ದರೆ ಈ ದಾರಿಯ ಕೊನೆ ಮರಣವೇ.

ಫ್ರಾನ್ಸಿನ ಶಸ್ತ್ರವೈದ್ಯ ಲ ದ್ರಾನ್ ಎಂಬಾತ 1737ರಲ್ಲಿ ಗುಂಡೇಟಿನ ಗಾಯಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ. 1743ರಲ್ಲಿ ಬಂದ ಅದರ ಇಂಗ್ಲಿಷ್ ಅನುವಾದದ ಮೂಲಕ ‘ಷಾಕ್’ ಎಂಬ ಮಾತು ವೈದ್ಯರ ಬಳಕೆಗೆ ಬಂದಿತೆಂದು ಹೇಳುತ್ತಾರೆ. ಆದರೆ ಹೆಸರಿಲ್ಲದಿದ್ದರೂ ಲಕ್ಷಣಗಳನ್ನು ನಮ್ಮ ಜನ ಎಂದಿನಿಂದಲೋ ಬಲ್ಲರು. ‘ಕೈಕಾಲು ತಣ್ಣಗಾಯಿತು’, ‘ಮೈ ಬೆವೆತುಹೋಯಿತು’, ‘ನಾಡಿ ಸಿಕ್ಕಲೊಲ್ಲದು’ - ಹಳ್ಳಿಯ ಮುದುಕಿಯರು ಆಡುವ ಈ ಮೂರು ಮಾತುಗಳಲ್ಲಿ ಆಘಾತದ ಮುಖ್ಯ ಲಕ್ಷಣಗಳೆಲ್ಲ ಅಡಗಿವೆ.

ನಮ್ಮ ಕಥೆ ಕಾದಂಬರಿಗಳಲ್ಲಿ, ಚಲನಚಿತ್ರಗಳಲ್ಲಿ, ಇಂಥ ರೋಗಿಯನ್ನು ಬದುಕಿಸುವವನು ವೈದ್ಯ. ಅವನು ಧಾವಿಸಿ ಬರುತ್ತಾನೆ, ಸೂಜಿ ಚುಚ್ಚುತ್ತಾನೆ, ‘ಇನ್ನು ಭಯವಿಲ್ಲ’ ಎಂದು ಹೊರಟುಹೋಗುತ್ತಾನೆ. ಅವನು ಹೊರಟುಹೋದ ಮೇಲೆ ಏನಾಗುತ್ತದೆಂಬುದನ್ನು ಯಾರೂ ತೋರಿಸುವುದಿಲ್ಲ. ಆಘಾತಕ್ಕೊಳಗಾದ ರೋಗಿಯ ಮಟ್ಟಿಗೆ ಅಳಿವು ಉಳಿವುಗಳು ತೀರ್ಮಾನವಾಗುವುದು ಬಹುಮಟ್ಟಿಗೆ ಆ ನಂತರದ ಗಂಟೆಗಳಲ್ಲಿ. ಆ ಗಂಟೆಗಳಲ್ಲಿ ಮಂಚದ ಬಳಿ ನಿಂತಿರುವವಳು ದಾದಿ.

ಲೀತ್ ಪಟ್ಟಣದ ಮುದುಕಿ

ಈ ಮಾತಿಗೆ ವೈದ್ಯಚರಿತ್ರೆಯೇ ಒಂದು ನಿದರ್ಶನವನ್ನು ಒದಗಿಸಿದೆ. 1832ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹಬ್ಬಿತ್ತು. ವಾಂತಿಭೇದಿಗಳಿಂದ ದೇಹದ ನೀರೂ ಲವಣವೂ ಬರಿದಾಗಿ, ರಕ್ತ ಗಟ್ಟಿಯಾಗುತ್ತದೆಂಬುದನ್ನು ಓಷಾಗ್‌ನೆಸ್ಸಿ ಎಂಬ ತರುಣ ವೈದ್ಯ ಕಂಡುಹಿಡಿದಿದ್ದ. (ಮುಂದೆ ಇವನೇ ಕಲ್ಕತ್ತೆಗೆ ಬಂದು ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾದ, ಭಾರತಕ್ಕೆ ತಂತಿ ವ್ಯವಸ್ಥೆಯನ್ನು ತಂದವನೂ ಇವನೇ.) ಕಳೆದುಹೋದ ನೀರನ್ನು ನೇರವಾಗಿ ರಕ್ತನಾಳಕ್ಕೇ ತುಂಬಿದರೇನು ಎಂದು ಆಲೋಚಿಸಿದವನು ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ತಾಮಸ್ ಲಾಟಾ.

ಅವನ ಮೊದಲ ರೋಗಿ ಒಬ್ಬ ವೃದ್ಧೆ. ಎಲ್ಲ ಔಷಧಗಳೂ ಸೋತು, ಆಕೆ ಇನ್ನೇನು ಹೋದಳೆನ್ನುವ ಸ್ಥಿತಿ. ಲಾಟಾ ತೋಳಿನ ರಕ್ತನಾಳಕ್ಕೆ ಕೊಳವೆಯನ್ನಿಟ್ಟು ಉಪ್ಪುನೀರನ್ನು ಹರಿಸತೊಡಗಿದ. ಅರ್ಧ ಗಂಟೆಯಲ್ಲಿ ಆರು ಪಿಂಟು, ಎಂದರೆ ಮೂರು ಲೀಟರಿಗೂ ಮಿಕ್ಕ ದ್ರವ, ದೇಹವನ್ನು ಸೇರಿತು. ಗುಳಿಬಿದ್ದ ಕಣ್ಣುಗಳಲ್ಲಿ ಹೊಳಪು ಮರಳಿತು, ನಾಡಿ ಕೈಗೆ ಸಿಕ್ಕಿತು, ಕೈಕಾಲು ಬೆಚ್ಚಗಾದವು, ಮುದುಕಿ ಮಾತಾಡಿದಳು. ಆಕೆಯನ್ನು ಆಸ್ಪತ್ರೆಯ ವೈದ್ಯನ ವಶಕ್ಕೆ ಒಪ್ಪಿಸಿ ಲಾಟಾ ಹೊರಟುಹೋದ. ಸ್ವಲ್ಪ ಹೊತ್ತಿಗೆ ವಾಂತಿಭೇದಿಗಳು ಮರುಕಳಿಸಿದವು. ಲಾಟಾನಿಗೆ ಯಾರೂ ಹೇಳಿ ಕಳುಹಿಸಲಿಲ್ಲ. ಅವನು ಹೊರಟ ಐದೂವರೆ ಗಂಟೆಗಳಲ್ಲಿ ಆಕೆ ತೀರಿಕೊಂಡಳು.

ಇಂದು ಜಗತ್ತಿನ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ತೂಗುಬಿದ್ದಿರುವ ಸಲೈನ್ ಚೀಲದ ಚರಿತ್ರೆ ಆರಂಭವಾಗುವುದು ಹೀಗೆ. ಚಿಕಿತ್ಸೆ ಸರಿಯಾಗಿಯೇ ಇತ್ತು. ಇಲ್ಲದಿದ್ದದ್ದು ಕಾವಲು.

ದೇಹದ ಮೋಸ

ಆಘಾತದ ಬಗೆಗಳನ್ನು ಅರಿಯಲು ಒಂದು ಮನೆಯ ನೀರಿನ ಏರ್ಪಾಟನ್ನು ನೆನೆದರೆ ಸಾಕು. ತೊಟ್ಟಿಯಲ್ಲಿ ನೀರಿರಬೇಕು, ಪಂಪು ಕೆಲಸಮಾಡಬೇಕು, ಕೊಳವೆಗಳು ತಕ್ಕಷ್ಟು ಬಿಗಿಯಾಗಿರಬೇಕು, ನಡುವೆ ಎಲ್ಲಿಯೂ ಅಡಚಣೆ ಇರಬಾರದು. ಅಪಘಾತದಲ್ಲಿ ರಕ್ತ ಸುರಿದಾಗ, ಹೆರಿಗೆಯಲ್ಲಿ ರಕ್ತಸ್ರಾವವಾದಾಗ, ವಾಂತಿಭೇದಿಯಾದಾಗ, ಮೈ ಸುಟ್ಟಾಗ ತೊಟ್ಟಿ ಬರಿದಾಗುತ್ತದೆ. ಹೃದಯಾಘಾತದಲ್ಲಿ ಪಂಪು ಕೆಡುತ್ತದೆ. ನಂಜು ರಕ್ತಕ್ಕೇರಿದಾಗ, ಒಗ್ಗದ ಔಷಧವೋ ಜೇನುಹುಳುವಿನ ವಿಷವೋ ಮೈಗೆ ಸೇರಿದಾಗ, ಬೆನ್ನುಹುರಿಗೆ ಪೆಟ್ಟಾದಾಗ ಕೊಳವೆಗಳು ಸಡಿಲಗೊಂಡು ಹಿಗ್ಗುತ್ತವೆ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಹೃದಯದ ಸುತ್ತಲಿನ ಪೊರೆಯಲ್ಲಿ ರಕ್ತ ತುಂಬಿ ಅದನ್ನು ಅದುಮಿದರೆ, ದಾರಿಯೇ ಮುಚ್ಚುತ್ತದೆ.

ಆದರೆ ದೇಹವು ಮನೆಯ ಕೊಳಾಯಿಯಂತೆ ಸರಳವಲ್ಲ. ಆಪತ್ತು ಬಂದಾಗ ಅದು ಬಡ ಸಂಸಾರದ ಗೃಹಿಣಿಯಂತೆ ಇದ್ದುದರಲ್ಲಿಯೇ ಸರಿದೂಗಿಸಲೆಳಸುತ್ತದೆ. ಚರ್ಮದ ಪಾಲನ್ನು, ಕರುಳಿನ ಪಾಲನ್ನು, ಮೂತ್ರಪಿಂಡದ ಪಾಲನ್ನು ಕಡಿತಗೊಳಿಸಿ ಮಿದುಳಿಗೂ ಹೃದಯಕ್ಕೂ ರಕ್ತವನ್ನು ಉಳಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಮನೆಯಲ್ಲಿ ಕೊರತೆಯಿದೆಯೆಂದು ತಿಳಿಯುವುದೇ ಇಲ್ಲ.

ಪ್ರಾಪ್ತವಯಸ್ಕನ ಮೈಯಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಅದರಲ್ಲಿ ಮುಕ್ಕಾಲು ಲೀಟರು ಹೋದರೂ ಹೊರಲಕ್ಷಣಗಳು ಅತ್ಯಲ್ಪ. ಮುಕ್ಕಾಲಿನಿಂದ ಒಂದೂವರೆ ಲೀಟರಿನವರೆಗೆ ಹೋದಾಗ ನಾಡಿ ನಿಮಿಷಕ್ಕೆ 100ನ್ನು ದಾಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ರೋಗಿ ಚಡಪಡಿಸುತ್ತಾನೆ. ಆದರೆ ರಕ್ತದೊತ್ತಡ ಹೆಚ್ಚುಕಡಮೆ ಮೊದಲಿನಂತೆಯೇ ಇರಬಹುದು. ಒಂದೂವರೆ ಲೀಟರನ್ನು ಮೀರಿದ ಮೇಲೆ ಒತ್ತಡ ಕುಸಿಯುತ್ತದೆ, ನಾಡಿ 120ನ್ನು ದಾಟುತ್ತದೆ, ಬುದ್ಧಿ ಮಂಕಾಗುತ್ತದೆ. ‘ಬಿ.ಪಿ. ಸರಿಯಾಗಿಯೇ ಇದೆ’ ಎಂಬ ಸಮಾಧಾನದ ಮಾತು ಎಷ್ಟು ಅಪಾಯಕಾರಿ ಎಂಬುದು ಇದರಿಂದ ವಿದಿತವಾಗುತ್ತದೆ. ಯಂತ್ರ ಇಳಿತವನ್ನು ತೋರಿಸುವ ವೇಳೆಗೆ ದೇಹ ತನ್ನ ಗಂಟನ್ನೆಲ್ಲ ಕರಗಿಸಿಕೊಂಡಿರುತ್ತದೆ. ಅದಕ್ಕೂ ಮುಂಚೆ ನಡೆಯುವ ಸಣ್ಣ ಸಣ್ಣ ಬದಲಾವಣೆಗಳನ್ನು ಓದಬಲ್ಲವರು ಬೇಕು.

ಆಲಿಸುವವಳು

‘ಶುಶ್ರೂಷೆ’ ಎಂಬ ಶಬ್ದದ ಮೂಲವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಅದು ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಸೇವೆ ಎಂಬ ಅರ್ಥ ಅನಂತರ ಬೆಳೆದದ್ದು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳುವ ಚರಕಸಂಹಿತೆ ಪರಿಚಾರಕನಿಗೂ ನಾಲ್ಕು ಗುಣಗಳನ್ನು ವಿಧಿಸುತ್ತದೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ತಿಳಿವಳಿಕೆಗೆ ಅಲ್ಲಿ ಮೊದಲ ಸ್ಥಾನ ಸಂದಿರುವುದು ಗಮನಾರ್ಹ. ದಾದಿಯೆಂದರೆ ಮಮತೆಯ ಮೂರ್ತಿ ಎಂದು ಹೊಗಳಿ ಕೈತೊಳೆದುಕೊಳ್ಳುವ ನಾವು, ಆಕೆ ಮೊದಲು ತಿಳಿದವಳು ಎಂಬುದನ್ನು ಮರೆಯುತ್ತೇವೆ.

ತಿಳಿದ ದಾದಿ ಏನನ್ನು ನೋಡುತ್ತಾಳೆ? ರೋಗಿಯ ಕೈ ಹಿಡಿದೊಡನೆ ಚರ್ಮ ಬೆಚ್ಚಗಿದೆಯೋ ತಣ್ಣಗೆ ಬೆವೆತಿದೆಯೋ ಎಂಬುದು ಆಕೆಗೆ ಗೊತ್ತಾಗುತ್ತದೆ. ಉಗುರನ್ನು ಒತ್ತಿ ಬಿಟ್ಟಾಗ ಬಿಳುಪು ಹೋಗಿ ಕೆಂಪು ಮರಳಲು ಎರಡು ಮೂರು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಕುಂದಿದೆಯೆಂದರ್ಥ. ನಾಡಿಯ ಎಣಿಕೆಯನ್ನು ಮೇಲಿನ ರಕ್ತದೊತ್ತಡದ ಅಂಕೆಯೊಡನೆ ಹೋಲಿಸುವುದು ಇನ್ನೊಂದು ಉಪಾಯ. ಆರೋಗ್ಯವಂತನಲ್ಲಿ ಒತ್ತಡ 120, ನಾಡಿ 72 ಇದ್ದರೆ, ನಾಡಿಯನ್ನು ಒತ್ತಡದಿಂದ ಭಾಗಿಸಿದಾಗ 0.6 ಬರುತ್ತದೆ. ನಾಡಿ ಏರಿ ಒತ್ತಡ ಇಳಿದು ಈ ಭಾಗಲಬ್ಧ ಒಂದರತ್ತ ಸರಿದಂತೆಲ್ಲ ಅಪಾಯ ಸಮೀಪಿಸುತ್ತದೆ. 1967ರಲ್ಲಿ ಯೂರೋಪಿನ ಇಬ್ಬರು ಶಸ್ತ್ರವೈದ್ಯರು ಮುಂದಿಟ್ಟ ಈ ಸರಳ ಲೆಕ್ಕಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ಒತ್ತಡಮಾಪಕ, ಮತ್ತು ಲೆಕ್ಕ ಹಾಕುವ ಮನಸ್ಸು.

ಮೂತ್ರದ ಪ್ರಮಾಣವೂ ಅಷ್ಟೇ ಮುಖ್ಯ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ ಅರ್ಧ ಮಿಲಿಲೀಟರಾದರೂ ಬರಬೇಕು. 50 ಕಿಲೋ ತೂಕದವಳಿಗೆ ಇದು ಗಂಟೆಗೆ 25 ಮಿಲಿಲೀಟರು. ಅದಕ್ಕಿಂತ ಕಡಮೆಯಾದರೆ ಮೂತ್ರಪಿಂಡ ಹಸಿದಿದೆಯೆಂದೇ ತಿಳಿಯಬೇಕು. ಬಂಧುಗಳ ಕಣ್ಣಿಗೆ ಜುಗುಪ್ಸೆಯೆನಿಸುವ ಆ ಚೀಲದ ಅಳತೆಯನ್ನು ಗಂಟೆಗಂಟೆಗೂ ಬಾಗಿ ನೋಡಿ ಬರೆದುಕೊಳ್ಳುವ ದಾದಿ, ಕಣ್ಣಿಗೆ ಕಾಣದ ಅಂಗವೊಂದರ ಕ್ಷೇಮಸಮಾಚಾರವನ್ನು ಓದುತ್ತಿರುತ್ತಾಳೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ರೋಗಿಯ ನಡವಳಿಕೆ. ಅದುವರೆಗೆ ಶಾಂತವಾಗಿದ್ದವನು ಹೊದಿಕೆಯನ್ನು ಕಿತ್ತೊಗೆಯುತ್ತಾನೆ, ‘ನನ್ನನ್ನು ಮನೆಗೆ ಕರೆದುಕೊಂಡು ಹೋಗಿ’ ಎನ್ನುತ್ತಾನೆ, ನಳಿಕೆಗಳನ್ನು ಎಳೆಯುತ್ತಾನೆ. ‘ಹಟ ಮಾಡುತ್ತಿದ್ದಾನೆ, ನಿದ್ದೆಗೆ ಏನಾದರೂ ಕೊಡಿ ಸಿಸ್ಟರ್’ ಎಂದು ಮನೆಯವರು ಬೇಡುತ್ತಾರೆ. ಅದು ಹಟವಲ್ಲದಿರಬಹುದು, ಪ್ರಾಣವಾಯು ಸಾಲದೆ ಮಿದುಳು ಇಡುತ್ತಿರುವ ಮೊರೆಯಾಗಿರಬಹುದು. ಅದನ್ನು ಕೇಳಿಸಿಕೊಳ್ಳುವುದೇ ನಿಜವಾದ ಶುಶ್ರೂಷೆ.

ಮೊದಲ ಕೆಲವು ನಿಮಿಷಗಳು

ಲಕ್ಷಣಗಳನ್ನು ಕಂಡೊಡನೆ ದಾದಿಯ ಕೈಗಳು ಒಂದು ಕ್ರಮದಲ್ಲಿ ಕೆಲಸಮಾಡುತ್ತವೆ. ಸಹಾಯಕ್ಕಾಗಿ ಕೂಗು, ಉಸಿರಿನ ದಾರಿ ತೆರೆದಿದೆಯೇ ಎಂಬ ಪರೀಕ್ಷೆ, ಆಮ್ಲಜನಕ, ರಕ್ತ ಸುರಿಯುತ್ತಿದ್ದರೆ ಆ ಜಾಗದ ಮೇಲೆ ಬಲವಾದ ಒತ್ತು, ತೋಳುಗಳಲ್ಲಿ ದಪ್ಪನೆಯ ಎರಡು ಸೂಜಿನಳಿಕೆಗಳು. ನಳಿಕೆ ದಪ್ಪವಾಗಿಯೇ ಏಕಿರಬೇಕೆಂದರೆ, ಸಣ್ಣ ನಳಿಕೆಯಲ್ಲಿ ದ್ರವ ಬೇಗನೆ ಹರಿಯದು. ತಡಮಾಡಿದರೆ ರಕ್ತನಾಳಗಳೇ ಕುಗ್ಗಿ ಸೂಜಿಗೆ ಸಿಕ್ಕವು. ರಕ್ತದ ಗುಂಪನ್ನು ತಿಳಿಯಲು ಮಾದರಿಯನ್ನೂ ಆಗಲೇ ತೆಗೆದಿಡುತ್ತಾಳೆ.

ಮಲಗಿಸುವ ರೀತಿಯಲ್ಲಿಯೂ ವಿವೇಚನೆ ಬೇಕು. ಹಿಂದೆ ಆಘಾತದ ರೋಗಿಯ ಮಂಚವನ್ನೇ ಓರೆಮಾಡಿ ತಲೆಯನ್ನು ಕೆಳಗೂ ಕಾಲನ್ನು ಮೇಲಕ್ಕೂ ಇಡುವುದು ರೂಢಿಯಾಗಿತ್ತು. ಇದರಿಂದ ಉಸಿರಾಟಕ್ಕೆ ತೊಡಕೇ ಹೊರತು ಹೆಚ್ಚಿನ ಲಾಭವಿಲ್ಲವೆಂದು ಕಂಡುಬಂದು ಆ ಪದ್ಧತಿ ಹಿಂದೆ ಸರಿದಿದೆ. ಈಗ ರೋಗಿಯನ್ನು ಸಪಾಟಾಗಿ ಮಲಗಿಸಿ, ಬೆನ್ನಿಗಾಗಲಿ ಕಾಲಿಗಾಗಲಿ ಪೆಟ್ಟಿಲ್ಲದಿದ್ದರೆ, ಕಾಲುಗಳನ್ನಷ್ಟೇ ಎತ್ತರಿಸುತ್ತಾರೆ. ಹೃದಯ ಸೋತು ಏದುಸಿರು ಬಿಡುತ್ತಿರುವವನಿಗಾದರೋ ಇದೂ ಸಲ್ಲದು. ಅವನನ್ನು ಒರಗಿಸಿ ಕೂರಿಸಬೇಕು.

ಮೈ ಬೆಚ್ಚಗಿಡುವುದು ಕೇವಲ ಸುಖಕ್ಕಾಗಿ ಅಲ್ಲ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಸ್ರಾವ ಹೆಚ್ಚುತ್ತದೆ. ಹಾಗೆಂದು ಬಿಸಿನೀರಿನ ಚೀಲವನ್ನು ನೇರವಾಗಿ ಚರ್ಮಕ್ಕಿಟ್ಟರೆ, ಸ್ಪರ್ಶಜ್ಞಾನ ಮಂಕಾದ ರೋಗಿಗೆ ಸುಟ್ಟ ಗಾಯವಾಗುತ್ತದೆ. ಒದ್ದೆ ಬಟ್ಟೆಯನ್ನು ತೆಗೆದು ಕಂಬಳಿ ಹೊದಿಸುವುದೇ ಸರಿಯಾದ ಕ್ರಮ. ರಕ್ತ ಕೊಡಬೇಕಾಗಿ ಬಂದರೆ ಚೀಲದ ಮೇಲಿನ ಹೆಸರು, ಗುಂಪು, ಸಂಖ್ಯೆಗಳನ್ನು ಇಬ್ಬರು ಓದಿ ತಾಳೆ ನೋಡುತ್ತಾರೆ. ಮೊದಲ ಹದಿನೈದು ನಿಮಿಷ ದಾದಿ ರೋಗಿಯ ಬಳಿಯಿಂದ ಕದಲುವುದಿಲ್ಲ. ರಕ್ತ ಒಗ್ಗದಿದ್ದರೆ ಅಪಾಯ ತಲೆಯೆತ್ತುವುದು ಬಹುಪಾಲು ಆಗಲೇ.

ಬೆಳಗಾವಿಯ ಅಳತೆಯ ಚೀಲ

ಕಾವಲಿನ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಒಂದು ಕಾರ್ಯ ನಮ್ಮ ನಾಡಿನಲ್ಲಿಯೇ ನಡೆದಿದೆ. ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ಆ ನಾಳಗಳ ಬಾಯಿಯನ್ನು ಬಿಗಿಯಬೇಕು. ಬಿಗಿಯದಿದ್ದರೆ ಬಾಣಂತಿ ಗಳಿಗೆಗಳಲ್ಲಿ ಆಘಾತಕ್ಕೀಡಾಗುತ್ತಾಳೆ. ಗರ್ಭಕಾಲದಲ್ಲಿ ಮೈಯ ರಕ್ತವೇ ಹೆಚ್ಚಿರುವುದರಿಂದ ಆಕೆಯ ಒತ್ತಡ ಕೊನೆಯವರೆಗೂ ಇಳಿಯದೆ ಮೋಸಮಾಡುತ್ತದೆ. ಸುರಿದ ರಕ್ತವೋ ಸೀರೆ, ಚಾಪೆ, ಹಾಸಿಗೆಗಳಲ್ಲಿ ಇಂಗಿಹೋಗಿರುತ್ತದೆ. ಅದರ ಅಳತೆ ಯಾರಿಗೆ ಗೊತ್ತು?

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ ಇದಕ್ಕೊಂದು ಸುಲಭೋಪಾಯವನ್ನು ರೂಪಿಸಿದರು. ಮಗು ಹುಟ್ಟಿದೊಡನೆ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಗೆ ಲಾಳಿಕೆಯಂಥ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಇಷ್ಟೇ. ಕಣ್ಣಂದಾಜು ಈ ಚೀಲದ ಅಳತೆಗಿಂತ ಶೇಕಡಾ 33ರಷ್ಟು ಕಡಮೆ ಹೇಳುತ್ತದೆಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅನುಭವಸ್ಥರ ಕಣ್ಣೂ ಮೂರರಲ್ಲೊಂದು ಪಾಲನ್ನು ಕಾಣದೆ ಹೋಗುತ್ತಿತ್ತು!

ಅದೇ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. 1620 ಮಂದಿ ತಾಯಂದಿರಲ್ಲಿ ಕೆಲವರಿಗೆ ಗರ್ಭಕೋಶವನ್ನು ಮುದುಡಿಸುವ ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಗಳನ್ನೂ ಕೊಡಲಾಗಿತ್ತು. ಕೊಟ್ಟವರು ವೈದ್ಯರಲ್ಲ, ಹಳ್ಳಿಯ ಹೆರಿಗೆಗಳನ್ನು ನೋಡಿಕೊಳ್ಳುವ ಎ.ಎನ್.ಎಂ. ದಾದಿಯರು. ರಕ್ತವನ್ನು ಚೀಲದಲ್ಲಿ ಅಳೆದವರೂ ಅವರೇ. ಅತಿಸ್ರಾವಕ್ಕೆ ತುತ್ತಾದವರ ಸಂಖ್ಯೆ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಸೂಜಿಮದ್ದಾಗಲಿ ಶೀತಪೆಟ್ಟಿಗೆಯಾಗಲಿ ಇಲ್ಲದ ಕಡೆಯಲ್ಲಿಯೂ, ತರಬೇತಿ ಪಡೆದ ದಾದಿಯೊಬ್ಬಳಿದ್ದರೆ ತಾಯಿಯನ್ನು ಉಳಿಸಿಕೊಳ್ಳಬಹುದೆಂಬುದು ಇದರಿಂದ ಸಿದ್ಧವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು.

ಅಳತೆಯ ಚೀಲದ ಮಹತ್ವ ಮುಂದೆ ಇನ್ನಷ್ಟು ಬೆಳೆಯಿತು. ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ, ಇಂಥ ಚೀಲದಿಂದ ರಕ್ತವನ್ನಳೆದು, ಗಡಿ ಮೀರಿದೊಡನೆ ಗರ್ಭಕೋಶವನ್ನು ನೀವುವುದು, ಔಷಧ, ದ್ರವ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಕೈಗೊಳ್ಳುವ ಕ್ರಮವನ್ನು ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಕ್ರಿಯೆ, ಅದರಿಂದಾಗುವ ಮರಣ - ಇವುಗಳ ಒಟ್ಟು ಪ್ರಮಾಣ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಬಳಸಿದ ಔಷಧಗಳಲ್ಲಿ ಹೊಸದೆಂಬುದಾವುದೂ ಇರಲಿಲ್ಲ. ಹೊಸದಾಗಿದ್ದದ್ದು ಬೇಗ ಕಾಣುವುದು, ತಡಮಾಡದೆ ಮಾಡುವುದು.

ಆಪತ್ತು ಒಂದೇ, ಆರೈಕೆ ಹಲವು

ಎಲ್ಲ ಆಘಾತಕ್ಕೂ ಒಂದೇ ಮದ್ದಲ್ಲ. ತೊಟ್ಟಿ ಬರಿದಾದವನಿಗೆ ದ್ರವ ಜೀವದಾನ. ಪಂಪು ಕೆಟ್ಟವನಿಗೆ ಅದೇ ದ್ರವವನ್ನು ಯದ್ವಾತದ್ವಾ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯ. ಔಷಧವೋ ಕಡಲೆಕಾಯಿಯೋ ಜೇನುಹುಳುವಿನ ಕಡಿತವೋ ಒಗ್ಗದೆ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವವನಿಗೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಆ ಹೊತ್ತಿನಲ್ಲಿ ಅವನನ್ನು ದಿಢೀರನೆ ಎಬ್ಬಿಸಿ ನಿಲ್ಲಿಸುವುದು ಮಾರಕವಾದೀತು. ಕೊಳಕುಮಂಡಲ ಕಚ್ಚಿದವನಿಗೆ ಪ್ರತಿವಿಷ ಕೊಡುವಾಗಲೂ ದಾದಿ ಅಡ್ರಿನಲಿನ್ನನ್ನು ಕೈಗೆಟಕುವಂತೆ ಇಟ್ಟುಕೊಂಡಿರುತ್ತಾಳೆ. ಏಕೆಂದರೆ ಪ್ರತಿವಿಷವೇ ಒಮ್ಮೊಮ್ಮೆ ಒಗ್ಗದೆ ಹೋಗುವುದುಂಟು.

ಮಳೆಗಾಲದಲ್ಲಿ ನಮ್ಮನ್ನು ಕಾಡುವ ಡೆಂಗಿಯಂತೂ ಮಹಾ ಮೋಸಗಾರ. ಜ್ವರ ಬಿಟ್ಟಿತೆಂದು ಮನೆಯವರು ಹಿಗ್ಗುವ ಹೊತ್ತಿಗೇ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಕೆಲವರಲ್ಲಿ ರಕ್ತದ ನೀರು ನಾಳಗಳಿಂದ ಹೊರಕ್ಕೆ ಸೋರತೊಡಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ಚಡಪಡಿಕೆ, ತಣ್ಣನೆಯ ಕೈಕಾಲು ಕಂಡರೆ ಅದು ಗುಣವಾಗುತ್ತಿರುವ ಲಕ್ಷಣವಲ್ಲ. ರಕ್ತದೊತ್ತಡದ ಮೇಲಿನ ಅಂಕೆಗೂ ಕೆಳಗಿನ ಅಂಕೆಗೂ ನಡುವಿನ ಅಂತರ 20ಕ್ಕೆ ಇಳಿದರೆ ಆಘಾತ ಬಾಗಿಲಿಗೆ ಬಂದಿದೆಯೆಂದು ದಾದಿ ಅರಿಯುತ್ತಾಳೆ.

ಕಾಲರಾ ವಿಷಯಕ್ಕೆ ಮರಳೋಣ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಮುಗಿಯುತ್ತ ಬಂದಿತ್ತು, ದಾದಿಯರೂ ಸಾಲದಾಗಿದ್ದರು. ಡಾಕ್ಟರ್ ದಿಲೀಪ್ ಮಹಲನಬೀಸರು ಗ್ಲೂಕೋಸ್ ಮತ್ತು ಲವಣಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಗೇ ಲೋಟವನ್ನು ಕೊಟ್ಟು, ಬಿಡದೆ ಕುಡಿಸಲು ಹೇಳಿದರು. ನೂರಕ್ಕೆ 30ರ ಸುಮಾರಿಗಿದ್ದ ಸಾವು 3.6ಕ್ಕೆ ಇಳಿಯಿತು. ತಾಯಿ, ಅಕ್ಕ, ಗಂಡ ಎಲ್ಲರೂ ಅಂದು ದಾದಿಯರಾದರು. ಲೀತ್ ಪಟ್ಟಣದ ಮುದುಕಿಗೆ ದೊರೆಯದೆ ಹೋದ ಕಾವಲು ಈ ನಿರಾಶ್ರಿತರಿಗೆ ಡೇರೆಯಲ್ಲಿ ದೊರೆಯಿತು.

ನಾವು ಮಾಡಬಹುದಾದದ್ದು

ರಸ್ತೆಯಲ್ಲಿ ಅಪಘಾತವಾದೊಡನೆ ನಮ್ಮ ಜನ ಗುಂಪುಗೂಡುತ್ತಾರೆ. ಒಬ್ಬರು ಬಾಯಿಗೆ ನೀರು ಬಿಡುತ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸುತ್ತಾರೆ, ಮತ್ತೊಬ್ಬರು ಎಬ್ಬಿಸಿ ಕೂರಿಸುತ್ತಾರೆ. ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ. ಆದರೆ ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಶಸ್ತ್ರಕ್ರಿಯೆ ಬೇಕಾದೀತಾದ್ದರಿಂದ ಹೊಟ್ಟೆ ಬರಿದಾಗಿರುವುದೂ ಒಳ್ಳೆಯದು. ತುಟಿಯನ್ನು ಒದ್ದೆ ಬಟ್ಟೆಯಿಂದ ಸವರಿದರೆ ಸಾಕು. ಎಚ್ಚರವಿದ್ದು ವಾಂತಿಭೇದಿಯಿಂದ ಬಳಲುತ್ತಿರುವವನ ಮಾತು ಬೇರೆ. ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸುತ್ತಿರಬೇಕು.

ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿಯುವುದು, ಮೈಗೆ ಹೊದಿಸುವುದು, 108ಕ್ಕೆ ಕರೆಮಾಡುವುದು, ಯಾವಾಗ ಏನಾಯಿತೆಂದು ನೆನಪಿಟ್ಟು ಹೇಳುವುದು - ಇವು ಯಾರೂ ಮಾಡಬಹುದಾದ ಕೆಲಸಗಳು. ಸಹಾಯಮಾಡಿದರೆ ಪೊಲೀಸರ ಕಾಟ ಎಂದು ಹೆದರುವ ಕಾರಣವಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಸದ್ಭಾವನೆಯಿಂದ ನೆರವಾದವನಿಗೆ ರಕ್ಷಣೆ ನೀಡಿದೆ. ತನ್ನ ಹೆಸರನ್ನು ಹೇಳಬೇಕೆಂಬ ಬಲವಂತವೂ ಅವನಿಗಿಲ್ಲ.

ಆಸ್ಪತ್ರೆಯಲ್ಲಿ ನಾವು ಮಾಡಬಹುದಾದದ್ದು ಇನ್ನೂ ಸರಳ. ನಮ್ಮ ರೋಗಿಯ ಬಳಿ ಎರಡು ನಿಮಿಷ ತಡವಾಗಿ ಬಂದಳೆಂದು ದಾದಿಯ ಮೇಲೆ ಹರಿಹಾಯುವ ಮುನ್ನ, ಆ ಎರಡು ನಿಮಿಷ ಆಕೆ ಯಾರ ನಾಡಿಯನ್ನು ಹಿಡಿದಿದ್ದಳೆಂದು ಯೋಚಿಸಬೇಕು. ತೀವ್ರ ಸ್ಥಿತಿಯ ರೋಗಿಗೆ ಒಬ್ಬೊಬ್ಬ ದಾದಿಯಿರಬೇಕೆಂಬುದು ಆದರ್ಶ. ಇಡೀ ವಾರ್ಡಿಗೆ ಒಬ್ಬಳೇ ಇರುವ ರಾತ್ರಿಗಳಲ್ಲಿ ಕಾವಲು ಸಡಿಲವಾದರೆ ತಪ್ಪು ಆಕೆಯದಲ್ಲ. ಅಷ್ಟೇ ಸಾಕೆಂದು ಲೆಕ್ಕಹಾಕಿದವರದು. ದಾದಿಯೆಂದೊಡನೆ ಹೆಣ್ಣೆಂದೇ ಭಾವಿಸುವ ಕಾಲವೂ ಹೋಯಿತು. ಗಂಡಸರೂ ಈಗ ಈ ವೃತ್ತಿಯಲ್ಲಿದ್ದಾರೆ. ಸರಕಾರಿ ಕಡತಗಳಲ್ಲಿ ಶುಶ್ರೂಷಾಧಿಕಾರಿ ಎಂಬ ಗೌರವದ ಹೆಸರೂ ಬಂದಿದೆ. ಹೆಸರಿಗೆ ತಕ್ಕ ಸಂಬಳ, ಸಂಖ್ಯೆ, ವಿಶ್ರಾಂತಿಗಳೂ ಬರಬೇಕಷ್ಟೆ.

ಶಸ್ತ್ರಕ್ರಿಯೆ ಗೆದ್ದರೆ ಪತ್ರಿಕೆಗಳಲ್ಲಿ ವೈದ್ಯರ ಭಾವಚಿತ್ರ ಬರುತ್ತದೆ, ಬರಬೇಕಾದದ್ದೇ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಬಾಣಂತಿಯೊಬ್ಬಳ ನಾಡಿ 88ರಿಂದ 112ಕ್ಕೆ ಏರಿದ್ದನ್ನು ಗಮನಿಸಿ, ಹೊದಿಕೆ ಸರಿಸಿ ನೋಡಿ, ಗರ್ಭಕೋಶವನ್ನು ನೀವಿ, ವೈದ್ಯರನ್ನು ಎಬ್ಬಿಸಿ ಕರೆಸಿದ ದಾದಿಯ ಸುದ್ದಿ ಎಲ್ಲಿಯೂ ಅಚ್ಚಾಗುವುದಿಲ್ಲ. ಬೆಳಗಾದಾಗ ತಾಯಿ ಮಗುವಿಗೆ ಹಾಲೂಡಿಸುತ್ತಿರುತ್ತಾಳೆ. ರಾತ್ರಿ ಏನು ನಡೆಯಿತೆಂದು ಮನೆಯವರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಮಂಚದ ತಲೆದೆಸೆಯಲ್ಲಿ ತೂಗುಹಾಕಿದ ಕಾಗದದಲ್ಲಿ ಮಾತ್ರ ಹದಿನೈದು ಹದಿನೈದು ನಿಮಿಷಕ್ಕೊಮ್ಮೆ ಬರೆದ ಅಂಕೆಗಳ ಸಾಲು ಇರುತ್ತದೆ. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಆ ಅಂಕೆಗಳನ್ನು ಬರೆದವರು ಯಾರೆಂದು ಕೇಳಿ ತಿಳಿದು, ಎರಡು ಒಳ್ಳೆಯ ಮಾತು ಹೇಳಿ ಬರುವುದು ನಮ್ಮ ಕರ್ತವ್ಯ.